ಟೇಬಲ್ ಮೇಲೆ ಎರಡು ಡಬ್ಬಿ ಸಾಕಾ, ಕೆಳಗೆ ಮೂರನೆಯದೂ ಬೇಕಾ?

ನಾನು ಯಾವ ಪಕ್ಷ ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯೋರು ಬೈಯಬಹುದು. ಮನೆಯ ಒಂದು ಕೋಣೆಯಲ್ಲಿ ಗೋಡೆಗೆ ತಾಗಿಸಿದ ಟೇಬಲ್ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಹಾಡು ಕೇಳುವವರಿಗೆ, ಸಿನಿಮಾ ನೋಡುವವರಿಗೆ, ಊರಿಂದಲೇ ಕೆಲಸ ಮಾಡುತ್ತಾ ದಿನಕ್ಕೆ ನಾಲ್ಕು ಮೀಟಿಂಗ್ ಕೇಳಿಸಿಕೊಳ್ಳುವವರಿಗೆ ಎರಡು ಒಳ್ಳೆಯ ಸ್ಪೀಕರ್ ಸಾಕು. ಟೇಬಲ್ ಕೆಳಗೆ ಕೂರುವ, ಬೇಸ್ (ತಗ್ಗಿನ ದಪ್ಪ ಸದ್ದು) ಹೊರಡಿಸುವ ವೂಫರ್ ಡಬ್ಬಿ ಬೇಡ. ದಾವಣಗೆರೆಯಲ್ಲಿ ಈ ಮಾತು ಹೇಳಿದರೆ ಜನ ನಗುತ್ತಾರೆ. ಇಲ್ಲಿ ಕಂಪ್ಯೂಟರ್ ಸ್ಪೀಕರ್ ಅಂದರೇ 2.1, ಅಂದರೆ ಎರಡು ಪುಟ್ಟ ಸ್ಪೀಕರ್, ಜೊತೆಗೊಂದು ವೂಫರ್. "ಬೇಸ್ ಹೆಂಗೈತಿ?" ಅನ್ನೋದೇ ಮೊದಲ ಪ್ರಶ್ನೆ, ಎರಡನೆಯದು "ಎಷ್ಟು ವ್ಯಾಟು?" ಈ ಎರಡು ಪ್ರಶ್ನೆಯಲ್ಲೇ ದುಡ್ಡು ಹಾಳಾಗುತ್ತಿರುವುದು.

ಗಣಪತಿ ಮೆರವಣಿಗೆಯ ಡಿಜೆ, ಮದುವೆ ಹಾಲ್, ಟೆರೇಸ್ ಪಾರ್ಟಿ, ಇವಕ್ಕೆ ನಾನು ಬರೆಯುತ್ತಿಲ್ಲ. ಎರಡು ಎರಡೂವರೆ ಅಡಿ ದೂರದಲ್ಲಿ ಕೂತು ಕೇಳುವ ಸ್ಪೀಕರ್ ಬಗ್ಗೆ ಮಾತ್ರ. ಆ ದೂರದಿಂದಾಗಿ ಎಲ್ಲ ಲೆಕ್ಕವೂ ಬದಲಾಗುತ್ತದೆ.

ಹತ್ತಡಿ ಕೋಣೆಯ ಕಿತಾಪತಿ

ನಮ್ಮ ಕಡೆ ಕಂಪ್ಯೂಟರ್ ಹೋಗಿ ಕೂರುವುದು ಮನೆಯ ಚಿಕ್ಕ ಕೋಣೆಯಲ್ಲಿ. ವಿದ್ಯಾನಗರ ಇರಲಿ, ನಿಟ್ಟುವಳ್ಳಿ ಇರಲಿ, ಹತ್ತಕ್ಕೆ ಹತ್ತು, ಹೆಚ್ಚೆಂದರೆ ಹತ್ತಕ್ಕೆ ಹನ್ನೆರಡು. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಎಲ್ಲವೂ ಗಟ್ಟಿ, ಎಲ್ಲವೂ ನುಣುಪು. ಸಾಮಾನು ಕಡಿಮೆ ಇರುವ ಅಂಥ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ, ಹಿಂದೆಯೇ ಟ್ರಿಣ್ ಅಂತ ಒಂದು ಬಾಲ ಬರುತ್ತದೆ. ಸ್ಪೀಕರ್ ಎಷ್ಟೇ ದುಬಾರಿ ಇದ್ದರೂ ಆ ಬಾಲ ಎಲ್ಲ ಹಾಡಿಗೂ ಅಂಟಿಕೊಳ್ಳುತ್ತದೆ.

ಬೇಸ್ ವಿಷಯ ಇನ್ನೂ ಮಜಾ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹತ್ತಡಿ ಅಂದರೆ ಮೂರು ಮೀಟರಿಗಿಂತ ಚೂರು ಜಾಸ್ತಿ. ಲೆಕ್ಕ ಹಾಕಿದರೆ ಸುಮಾರು 56 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಅಲೆ ಅನ್ನುವ ಲೆಕ್ಕ, ಕಡಿಮೆ ಇದ್ದಷ್ಟೂ ದನಿ ದಪ್ಪ) ಶಬ್ದದ ಅರ್ಧ ಅಲೆ ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತದೆ. ಹಾಗೆ ಕೂತ ಶಬ್ದವನ್ನು ಕೋಣೆಯೇ ಎತ್ತಿ ಕೊಡುತ್ತದೆ, ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿರುತ್ತದೆ. ಉದ್ದ ಅಗಲ ಎರಡೂ ಹತ್ತೇ ಆದರೆ ಎರಡು ದಿಕ್ಕಿನಲ್ಲೂ ಅದೇ 56. ಸೂರೂ ಹತ್ತಡಿ ಇದ್ದರೆ ಮೂರೂ ದಿಕ್ಕಿಗೆ ಅದೇ. ಚೌಕದ ಕೋಣೆ ವಾಸ್ತುವಿಗೆ ಚೆನ್ನಾಗಿರಬಹುದು, ಬೇಸ್‌ಗಂತೂ ಅಲ್ಲ.

ಈಗ 2.1 ಸೆಟ್ಟಿನ ವೂಫರ್ ನೋಡಿ. ಅಂಗಡಿಯಲ್ಲಿ ಎದೆ ನಡುಗಿಸಲಿ ಅಂತ ಅದನ್ನು ಜೋರು ಮಾಡಿರುವುದೂ ಹೆಚ್ಚುಕಮ್ಮಿ ಇದೇ ಜಾಗದಲ್ಲಿ, 50ರಿಂದ 100 ಹರ್ಟ್ಸ್ ಒಳಗೆ. ಕೋಣೆ ಎತ್ತಿ ಕೊಡುವ ಜಾಗವನ್ನೇ ಡಬ್ಬಿಯೂ ಎತ್ತಿ ಕೊಟ್ಟರೆ ಏನಾಗಬೇಕೋ ಅದೇ ಆಗುತ್ತದೆ. ತಬಲಾದ ಬಾಯಾ, ಬೇಸ್ ಗಿಟಾರ್, ಡೊಳ್ಳು, ಸಿನಿಮಾದಲ್ಲಿ ಲಾರಿ ಹೋಗುವ ಸದ್ದು, ಎಲ್ಲವೂ ಒಂದೇ ಸ್ವರದಲ್ಲಿ ಗುಂ ಗುಂ ಅನ್ನುತ್ತವೆ. ನಿಮ್ಮ ಮನೆಯಲ್ಲಿ 2.1 ಇದ್ದರೆ ಬೇಸ್ ಇರುವ ಹಾಡು ಹಚ್ಚಿ, ಕೋಣೆಯ ನಟ್ಟನಡುವೆ ನಿಂತು ಕೇಳಿ, ಆಮೇಲೆ ಮೂಲೆಗೆ ಹೋಗಿ ಕೇಳಿ. ನಡುವೆ ಬೇಸ್ ಮಾಯ, ಮೂಲೆಯಲ್ಲಿ ಕಿವಿ ತುಂಬ ಅದೇ. ಡಬ್ಬಿ ಇಟ್ಟಲ್ಲೇ ಇದೆ, ನೀವು ಮಾತ್ರ ಐದಾರು ಅಡಿ ಸರಿದಿದ್ದೀರಿ, ಅಷ್ಟೇ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು, ಯಾರೂ ಹೇಳುವುದಿಲ್ಲ. ಅಗ್ಗದ 2.1 ಸೆಟ್ಟಿನಲ್ಲಿ ಮೇಲೆ ಇಡುವ ಎರಡು ಪುಟಾಣಿ ಸ್ಪೀಕರುಗಳ ಕೋನ್, ಅಂದರೆ ಅಲುಗಿ ದನಿ ಹೊರಡಿಸುವ ಬಟ್ಟಲಿನಂಥ ಭಾಗ, ಎರಡು ಮೂರು ಇಂಚು ಮಾತ್ರ. ಅವು 150 ಅಥವಾ 200 ಹರ್ಟ್ಸ್‌ಗಿಂತ ಕೆಳಗೆ ಇಳಿಯಲಾರವು. ಹಾಗಾಗಿ ಅಲ್ಲಿವರೆಗಿನ ಭಾರವನ್ನೆಲ್ಲ ಕೆಳಗಿನ ಡಬ್ಬಿಯೇ ಹೊರಬೇಕು. ಗಂಡಸಿನ ಮಾತಿನ ಮೂಲ ಸ್ವರ ಇರುವುದೇ ಸುಮಾರು 85ರಿಂದ 180ರ ನಡುವೆ. ಅಂದರೆ ಹಾಡುವವನ ಅರ್ಧ ಕಂಠ ಟೇಬಲ್ ಮೇಲಿಂದ, ಇನ್ನರ್ಧ ನಿಮ್ಮ ಮೊಣಕಾಲ ಹತ್ತಿರದಿಂದ ಬರುತ್ತದೆ. ಮನೆಯಲ್ಲಿ ಸಿನಿಮಾ ಧ್ವನಿ ಕೇಳಲು ಇರುವ ಟಿಎಚ್‌ಎಕ್ಸ್ ಅನ್ನುವ ಗುಣಮಟ್ಟದ ಪದ್ಧತಿಯಲ್ಲಿ ವೂಫರಿಗೆ ಹಂಚುವ ಗೆರೆ 80 ಹರ್ಟ್ಸ್. ಅದಕ್ಕಿಂತ ಕೆಳಗಿನ ಶಬ್ದ ಯಾವ ಕಡೆಯಿಂದ ಬಂತು ಅಂತ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೇ ಆ ಗೆರೆ. 200ಕ್ಕೆ ಹಂಚಿದರೆ ಚೆನ್ನಾಗಿಯೇ ತಿಳಿಯುತ್ತದೆ.

ಗಂಗೂಬಾಯಿ ಹಾನಗಲ್ ಅವರ ಯಾವುದಾದರೂ ಹಳೆಯ ರೆಕಾರ್ಡಿಂಗ್ ಹಚ್ಚಿ ನೋಡಿ. ಅಷ್ಟು ಭಾರದ, ತುಂಬು ಕಂಠ ಅದು. ಒಳ್ಳೆಯ ಎರಡು ಸ್ಪೀಕರಿನಲ್ಲಿ ಆ ದನಿ ಎದುರಿಗೆ ಬಂದು ಕೂರುತ್ತದೆ. ಕೆಟ್ಟ 2.1ರಲ್ಲಿ ಮೇಲೆ ತೆಳ್ಳಗೆ, ಕೆಳಗೆ ಮಬ್ಬಾಗಿ ಎರಡು ಹೋಳಾಗುತ್ತದೆ. ಸ್ಪೀಕರ್ ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ.

ವ್ಯಾಟ್ ಎಂಬ ಮಾಯಾಜಾಲ

ಡಬ್ಬಿ ಮೇಲೆ ಪಿಎಂಪಿಒ ಅಂತ ಸಾವಿರಾರು ವ್ಯಾಟ್ ಬರೆದಿದ್ದರೆ ಆ ಸಂಖ್ಯೆಯನ್ನು ಓದಲೇಬೇಡಿ. ಬಸ್ ತಪ್ಪುತ್ತದೆ ಅಂತ ಹತ್ತು ಸೆಕೆಂಡ್ ಓಡಿದ ವೇಗವನ್ನು "ನಾನು ದಿನವಿಡೀ ನಡೆಯೋದೇ ಹೀಗೆ" ಅಂತ ಹೇಳಿದ ಹಾಗೆ ಅದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ವಿಧಾನವೇ ಇಲ್ಲ. ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲ ವ್ಯಾಟ್, ಅಂತ ಬರೆದದ್ದನ್ನು ಮಾತ್ರ ನೋಡಿ.

ಅದನ್ನೂ ಪರೀಕ್ಷೆ ಮಾಡುವ ಸುಲಭದ ದಾರಿ ಒಂದಿದೆ. ಸ್ಪೀಕರಿಗೆ ಅಡಾಪ್ಟರ್ ಇದ್ದರೆ ಅದರ ಮೇಲಿನ ಸಣ್ಣ ಅಕ್ಷರ ಓದಿ. 12 ವೋಲ್ಟ್, 1.5 ಆಂಪಿಯರ್ ಅಂತಿದ್ದರೆ ಗುಣಿಸಿ, 18 ವ್ಯಾಟ್. ಒಳಗೆ ಹೋಗುವುದೇ 18 ಆದಾಗ ಹೊರಗೆ 60 ಎಲ್ಲಿಂದ ಬರಬೇಕು? ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಸ್ಪೀಕರ್ ಆದರೆ ಇನ್ನೂ ಸುಲಭ. ಹಳೆಯ ಯುಎಸ್‌ಬಿ 2.0 ತೂತಿನಿಂದ ಸಿಗುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಯುಎಸ್‌ಬಿ 3.0 ಆದರೆ ನಾಲ್ಕೂವರೆ. ಅದೇ ತೂತಿಗೆ ಚುಚ್ಚುವ ಸ್ಪೀಕರಿನ ಡಬ್ಬಿ ಮೇಲೆ 20 ವ್ಯಾಟ್ ಅಂತ ಕಂಡರೆ ನಗುತ್ತಾ ಮುಂದೆ ಹೋಗಿ.

ಇಷ್ಟಕ್ಕೂ ವ್ಯಾಟ್ ಯಾಕೆ ಬೇಕು ಹೇಳಿ. ಸಾಧಾರಣ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ 85 ಡೆಸಿಬೆಲ್ ಆಸುಪಾಸು ಬರುತ್ತದೆ. ನೀವು ಕೂರುವುದು ಅದಕ್ಕಿಂತ ಹತ್ತಿರ. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟದಿದ್ದರೆ ಕಿವಿಗೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಿಮ್ಮ ದಿನದ ಕೇಳುವಿಕೆ ಒಂದು ವ್ಯಾಟಿನ ಒಳಗೇ ಮುಗಿಯುತ್ತದೆ. ಡೊಳ್ಳಿನ ಪೆಟ್ಟು, ಗುಂಡಿನ ಸದ್ದು ಅಂತ ಒಂದು ಕ್ಷಣಕ್ಕೆ ಹತ್ತಿಪ್ಪತ್ತು ವ್ಯಾಟ್ ಬೇಕಾಗಬಹುದು, ಅಷ್ಟೇ. ವ್ಯಾಟ್ ದುಪ್ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ "ದುಪ್ಪಟ್ಟು ಜೋರು" ಅನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 20 ವ್ಯಾಟಿಗೂ 40 ವ್ಯಾಟಿಗೂ ಟೇಬಲ್ ಮುಂದೆ ಕೂತವರಿಗೆ ವ್ಯತ್ಯಾಸ ಅಷ್ಟಕ್ಕಷ್ಟೇ.

ಯಾವುದಕ್ಕೆ ಯಾವುದು

ದರ ದಿನಕ್ಕೊಂದು ಥರ, ಹಬ್ಬದ ಆಫರಿನಲ್ಲಿ ಇನ್ನೊಂದು ಥರ. ಹಾಗಾಗಿ ನಾನು ಅಂದಾಜು ಮಟ್ಟ ಮಾತ್ರ ಹೇಳುತ್ತೇನೆ.

ಎರಡು ಮೂರು ಸಾವಿರದ ಮಟ್ಟದಲ್ಲಿ, ಹಾಸ್ಟೆಲ್ ಹುಡುಗರಿಗೆ, ಲ್ಯಾಪ್‌ಟಾಪಿನ ಕೀರಲು ದನಿ ಸಾಕಾಗಿ ಹೋದವರಿಗೆ ಕ್ರಿಯೇಟಿವ್ ಕಂಪನಿಯ ಪೆಬಲ್ ಒಳ್ಳೆಯದು. ಇದು ಸಿಂಗಾಪುರದ ಕಂಪನಿ, ಹಿಂದೆ ಬಹಳ ಕಂಪ್ಯೂಟರಲ್ಲಿ ಇರುತ್ತಿದ್ದ ಸೌಂಡ್ ಬ್ಲಾಸ್ಟರ್ ಕಾರ್ಡ್ ಮಾಡಿದವರು. ಉಂಡೆಯಂತಹ ಎರಡು ಸ್ಪೀಕರ್, ಯುಎಸ್‌ಬಿಯಿಂದಲೇ ಕರೆಂಟ್. ಇದರಲ್ಲಿ ನನಗೆ ಮೆಚ್ಚುಗೆ ಆದದ್ದು ಕೋನ್ 45 ಡಿಗ್ರಿ ಮೇಲಕ್ಕೆ ವಾಲಿರುವುದು. ದನಿ ಟೇಬಲಿಗೆ ಬಡಿಯುವ ಬದಲು ನೇರ ಕಿವಿಗೆ ಬರುತ್ತದೆ. ಬೇಸ್ ಕಡಿಮೆ. ಆದರೆ ಮಾತು ಸ್ಪಷ್ಟ. ಇದೇ ದುಡ್ಡಿಗೆ ಸಿಗುವ 2.1 ಜೊತೆ ಇಟ್ಟು ಕೇಳಿದರೆ ಮೊದಲ ಎರಡು ನಿಮಿಷ 2.1 ಗೆಲ್ಲುತ್ತದೆ. ಒಂದು ವಾರ ಜೊತೆಗೆ ಬಾಳಿದರೆ ಪೆಬಲ್ ಗೆಲ್ಲುತ್ತದೆ. ಮೀಟಿಂಗ್, ಪಾಠ, ಸುದ್ದಿ, ಭಾವಗೀತೆ ಅಂತ ಮಾತೇ ಜಾಸ್ತಿ ಕೇಳುವವರು ಯೋಚನೆ ಮಾಡುವುದೇ ಬೇಡ.

ಎಂಟು ಹತ್ತು ಸಾವಿರದ ಮಟ್ಟಕ್ಕೆ ಏರಿದರೆ ನಿಜವಾದ ಆಟ ಶುರು. ಇಲ್ಲಿ ನಾಲ್ಕು ಇಂಚಿನ ಕೋನ್, ಅದರ ಮೇಲೆ ಎತ್ತರದ ಸ್ವರಕ್ಕೆ ಅಂತಲೇ ಪ್ರತ್ಯೇಕ ಟ್ವೀಟರ್, ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಪೆಟ್ಟಿಗೆ. ಎಡಿಫೈಯರ್ ಆರ್1280ಟಿ ಇದರಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು. ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್, ನಾಲ್ಕು ಇಂಚಿನ ಕೋನ್, 13 ಮಿಲಿಮೀಟರ್ ರೇಷ್ಮೆ ಗುಮ್ಮಟದ ಟ್ವೀಟರ್. ಒಂದು ಸ್ಪೀಕರಿನ ಪಕ್ಕದಲ್ಲೇ ಬೇಸ್, ಟ್ರೆಬಲ್, ವಾಲ್ಯೂಮ್ ನಾಬ್. ರಿಮೋಟ್ ಕೂಡ ಇದೆ. ಬೇಸಿನ ಗಾಳಿ ಹೊರಗೆ ಬರುವ ತೂತು ಮುಂದುಗಡೆ ಇದೆ, ಇದು ನಮ್ಮ ಗೋಡೆಗೆ ತಾಗಿದ ಟೇಬಲುಗಳಿಗೆ ದೊಡ್ಡ ಅನುಕೂಲ. ಬ್ಲೂಟೂತ್ ಬೇಕಾದವರಿಗೆ ಆರ್1280ಡಿಬಿ ಇದೆ.

ಅದೇ ಕಂಪನಿಯ ಎಂಆರ್4 ಇದೆಯಲ್ಲ, ಅದೂ 42 ವ್ಯಾಟ್, ನಾಲ್ಕು ಇಂಚು. ಆದರೆ ಸ್ವಭಾವ ಬೇರೆ. ಆರ್1280ಟಿ ಸ್ವಲ್ಪ ಬೆಚ್ಚಗೆ, ಹಿತವಾಗಿ ಹಾಡುತ್ತದೆ. ಎಂಆರ್4 ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ, ರೆಕಾರ್ಡಿಂಗ್ ಕೆಟ್ಟದಾಗಿದ್ದರೆ ಮುಚ್ಚಿಡುವುದಿಲ್ಲ. ಯೂಟ್ಯೂಬಿಗೆ ವಿಡಿಯೊ ಎಡಿಟ್ ಮಾಡುವವರು, ಭಜನೆ ಮಂಡಳಿಯ ಹಾಡು ರೆಕಾರ್ಡ್ ಮಾಡಿ ಸರಿಪಡಿಸುವವರು ಇದನ್ನೇ ತೆಗೆದುಕೊಳ್ಳಿ. ಹಿಂದೆ ಬ್ಯಾಲೆನ್ಸ್ಡ್ ಇನ್‌ಪುಟ್ (ವೈರಿಗೆ ಸೇರುವ ಗಲಾಟೆ ತಡೆಯುವ ಜೋಡಣೆ) ಇರುವುದರಿಂದ ಆಡಿಯೊ ಇಂಟರ್‌ಫೇಸ್ (ಮೈಕ್, ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ) ಇದ್ದರೆ ಗುಂಯ್‌ಗುಡುವ ಸದ್ದೂ ಕಡಿಮೆ. ಮುಂದೆಯೇ ಹೆಡ್‌ಫೋನ್ ತೂತು ಇದೆ. ರಾತ್ರಿ ಇದು ಎಷ್ಟು ಉಪಯೋಗ ಅಂತ ಮನೆಯಲ್ಲಿ ಮಗು ಇದ್ದವರಿಗೆ ಗೊತ್ತು.

ಪ್ರಿಸೋನಸ್ ಎರಿಸ್ 3.5 ಕೂಡ ಇದೇ ಸಾಲಿನದು. ಮೂರೂವರೆ ಇಂಚಿನ ಕೋನ್, ಒಂದೊಂದಕ್ಕೆ 25 ವ್ಯಾಟ್, ಹಿಂದೆ ದನಿ ತಿದ್ದಲು ನಾಬ್. ಗಾತ್ರ ಚಿಕ್ಕದು. ಆದರೆ ಬೇಸ್ ತೂತು ಹಿಂದಕ್ಕಿದೆ. ಗೋಡೆಗೆ ಒತ್ತಿ ಇಟ್ಟರೆ ಊದಿಕೊಂಡ ದನಿ ಬರುತ್ತದೆ, ಆಗ ಹಿಂದಿನ ನಾಬ್ ತಿರುಗಿಸಿ ಬೇಸ್ ಇಳಿಸಬೇಕು. ನನ್ನನ್ನು ಕೇಳಿದರೆ ಹಾಡು ಕೇಳುವುದಕ್ಕೆ ಆರ್1280ಟಿ, ಕೆಲಸಕ್ಕೆ ಎಂಆರ್4, ಟೇಬಲ್ ತೀರಾ ಚಿಕ್ಕದಿದ್ದರೆ ಎರಿಸ್.

ನಾಲ್ಕು ಇಂಚಿಗೆ ಬೇಸ್ ಸಾಕಾಗುತ್ತದಾ? ಇವು ಸರಿಸುಮಾರು 60 ಹರ್ಟ್ಸ್ ಹತ್ತಿರ ಕೈಚೆಲ್ಲುತ್ತವೆ. ಹತ್ತಡಿ ಕೋಣೆ ಎತ್ತಿ ಕೊಡುವುದು ಎಲ್ಲಿ ಅಂದೆ? 56ರಲ್ಲಿ. ಸ್ಪೀಕರ್ ಬಿಟ್ಟದ್ದನ್ನು ಕೋಣೆ ತುಂಬುತ್ತದೆ. ದೊಡ್ಡ ವೂಫರಿಗೆ ಶತ್ರುವಾದ ಕೋಣೆಯೇ ಚಿಕ್ಕ ಸ್ಪೀಕರಿಗೆ ಗೆಳೆಯ.

ಹಾಗಾದರೆ 2.1 ಯಾರಿಗೂ ಬೇಡವಾ? ಬೇಕು. ಕಂಪ್ಯೂಟರ್ ಇರುವುದು ದೊಡ್ಡ ಹಾಲಿನಲ್ಲಿ, ಮನೆಯವರೆಲ್ಲ ಎಂಟು ಹತ್ತು ಅಡಿ ದೂರ ಕೂತು ಸಿನಿಮಾ ನೋಡುತ್ತೀರಿ, ಇಲ್ಲವೇ ಗೇಮ್‌ನಲ್ಲಿ ಬಾಂಬ್ ಸಿಡಿದರೆ ಕುರ್ಚಿ ನಡುಗಬೇಕು ಅಂತ ಆಸೆ, ಆಗ ತೆಗೆದುಕೊಳ್ಳಿ. ಲಾಜಿಟೆಕ್ ಝಡ್623 ಅಂಥದ್ದು, 200 ವ್ಯಾಟ್ ಆರ್‌ಎಂಎಸ್, ಟಿಎಚ್‌ಎಕ್ಸ್ ಮುದ್ರೆ ಬೇರೆ. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಕಾಣುವ ಎಫ್ ಅಂಡ್ ಡಿ, ಜೆಬ್ರಾನಿಕ್ಸ್ ಸೆಟ್ಟುಗಳಲ್ಲೂ ಆಯ್ಕೆ ಬೇಕಾದಷ್ಟಿದೆ. ಒಂದೇ ಶರತ್ತು. ವೂಫರಿಗೆ ಪ್ರತ್ಯೇಕ ನಾಬ್ ಇರಲೇಬೇಕು. ಅದನ್ನು ಅರ್ಧಕ್ಕಿಂತ ಕೆಳಗೆ ಇಟ್ಟು ಶುರು ಮಾಡಿ, ಡಬ್ಬಿಯನ್ನು ಮೂಲೆಯಿಂದ ಹೊರಗೆ ಎಳೆಯಿರಿ.

ಇನ್ನೊಂದು ವಿಷಯ. 2.1ರಲ್ಲಿ ಎಲ್ಲ ಯಂತ್ರಾಂಗವೂ ವೂಫರ್ ಡಬ್ಬಿ ಒಳಗಿರುತ್ತದೆ. ನಮ್ಮ ಮನೆಯಲ್ಲಿದ್ದ ಒಂದು ಸೆಟ್ಟಿಗೆ ವೈರಿನ ತುದಿಯಲ್ಲಿ ವಾಲ್ಯೂಮ್ ತಿರುಗಿಸುವ ಪುಟ್ಟ ಗುಂಡಿ ಇತ್ತು, ಆ ಗುಂಡಿ ಕೆಟ್ಟಿತು, ಕಂಪನಿಯ ಸರ್ವಿಸ್‌ನವರು ಬಿಡಿಭಾಗ ಬರುತ್ತಿಲ್ಲ ಅಂದರು, ಮೂರೂ ಡಬ್ಬಿ ಚೆನ್ನಾಗಿದ್ದೇ ಅಟ್ಟ ಸೇರಿದವು. ಕೊಳ್ಳುವಾಗ ವೈರುಗಳ ತುದಿ ನೋಡಿ. ಎಲ್ಲೆಡೆ ಸಿಗುವ ಆರ್‌ಸಿಎ ಪಿನ್, 3.5 ಎಂಎಂ ಪಿನ್ ಇದ್ದರೆ ಒಳ್ಳೆಯದು. ಆ ಕಂಪನಿಯಲ್ಲಿ ಮಾತ್ರ ಸಿಗುವ ವಿಚಿತ್ರ ಪಿನ್ ಇದ್ದರೆ ಎರಡು ಸಲ ಯೋಚಿಸಿ.

5.1, ಅಂದರೆ ಸುತ್ತ ಐದು ಸ್ಪೀಕರ್ ಒಂದು ವೂಫರ್ ಇರುವ ಸೆಟ್ಟು, ಅದರ ಬಗ್ಗೆ ಒಂದೇ ಮಾತು: ಕಂಪ್ಯೂಟರಿನಲ್ಲಿ ನೀವು ಕೇಳುವ ಹೆಚ್ಚಿನದೆಲ್ಲ ಎರಡು ಚಾನೆಲ್ಲಿನದು, ಹಿಂದಿನ ಸ್ಪೀಕರುಗಳು ಬಟ್ಟೆ ಒಣಗಿಸುವ ಜಾಗವಾಗುತ್ತವೆ. ಮಾನಿಟರ್ ಕೆಳಗಿನ ಸೌಂಡ್‌ಬಾರ್ ಜಾಗ ಉಳಿಸುತ್ತದೆ, ಎಡ ಬಲದ ಹರವು ಮಾತ್ರ ಸಿಗುವುದಿಲ್ಲ. ಬ್ಲೂಟೂತ್ ಉರುಟು ಸ್ಪೀಕರ್ ಅಡುಗೆ ಮನೆಗೆ ಚೆಂದ. ಸಾಧಾರಣ ಬ್ಲೂಟೂತಿನಲ್ಲಿ ದನಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ತಡವಾಗಿ ಬರುತ್ತದೆ. ಸಿನಿಮಾ ನೋಡುವಾಗ ಬಹಳ ಸಲ ಪ್ಲೇಯರ್ ಅದನ್ನು ಸರಿಮಾಡಿಕೊಳ್ಳುತ್ತದೆ. ಗೇಮ್ ಆಡುವವರಿಗೆ, ಕೀಬೋರ್ಡ್ ನುಡಿಸುವವರಿಗೆ ಆಗುವುದಿಲ್ಲ, ಬೆರಳು ಒತ್ತಿದ ಮೇಲೆ ಸ್ವರ ಬಂದರೆ ತಾಳ ಎಲ್ಲಿ ಉಳಿಯುತ್ತದೆ?

ಕೈಯಲ್ಲಿ ಸ್ವಲ್ಪ ಕಸುಬು ಇದ್ದವರಿಗೆ ಒಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ಹಳೆಯ ಮ್ಯೂಸಿಕ್ ಸಿಸ್ಟಮ್ ಬಹಳ ಮನೆಗಳ ಅಟ್ಟದ ಮೇಲೆ ಇನ್ನೂ ಇದೆ. ಸಿಡಿ ಓದುವುದಿಲ್ಲ, ಕ್ಯಾಸೆಟ್ ತಿರುಗುವುದಿಲ್ಲ, ಆದರೆ ಅದರ ಎರಡು ಸ್ಪೀಕರ್ ಚೆನ್ನಾಗಿರುತ್ತವೆ. ಹಿಂದೆ ಎಷ್ಟು ಓಮ್ ಅಂತ ಬರೆದಿರುತ್ತದೆ, 4, 6 ಅಥವಾ 8, ಆಂಪ್ಲಿಫೈಯರ್ ಅದಕ್ಕೆ ಹೊಂದುವಂಥದ್ದೇ ಇರಲಿ. ಟಿಪಿಎ3116 ಚಿಪ್ ಇರುವ ಸಣ್ಣ ಆಂಪ್ಲಿಫೈಯರ್ ಆನ್‌ಲೈನಿನಲ್ಲಿ ಸಾವಿರ ಎರಡು ಸಾವಿರದೊಳಗೆ ಸಿಗುತ್ತದೆ, ಸರಿಯಾದ ಅಡಾಪ್ಟರ್ ಹಾಕಿದರೆ ಟೇಬಲಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತದೆ. ಊರಿನ ರೇಡಿಯೊ ರಿಪೇರಿಯವರ ಹತ್ತಿರ ಟಿಡಿಎ2030 ಹಾಕಿದ ಬೋರ್ಡ್ ಕೇಳಿದರೂ ಆದೀತು, ಬಹಳ ಅಗ್ಗದ 2.1 ಡಬ್ಬಿಗಳ ಒಳಗೆ ಇರುವುದೂ ಅದೇ, ಒಂದು ಚಿಪ್ಪಿಗೆ ಹದಿನಾಲ್ಕು ವ್ಯಾಟ್ ಆಸುಪಾಸು. ನಮ್ಮೂರಿನ ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಇದು ಒಂದು ಭಾನುವಾರದ ಕೆಲಸ. ಕೆಟ್ಟರೆ ಬಿಚ್ಚಿ ಸರಿಮಾಡಬಹುದು, ಅದೇ ದೊಡ್ಡ ಲಾಭ.

ಅಂಗಡಿಯಲ್ಲಿ ಕೇಳುವಾಗ

ಮಂಡಿಪೇಟೆ, ಪಿ.ಜೆ. ಬಡಾವಣೆ ಕಡೆ ಅಂಗಡಿಗೆ ಹೋದರೆ ಬಹಳ ಸಲ ಸಿಗುವುದು 2.1 ಮತ್ತು ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್. ನಾಲ್ಕು ಇಂಚಿನ 2.0, ಅಂದರೆ ವೂಫರ್ ಇಲ್ಲದ ಜೋಡಿ ಕೇಳಬೇಕಾದರೆ ಆನ್‌ಲೈನ್ ತರಿಸಬೇಕು, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ನೋಡಬೇಕು. ಸ್ಪೀಕರಿಗಾಗಿಯೇ ಅಷ್ಟು ದೂರ ಹೋಗುವುದು ನನಗೇನೋ ಅತಿ ಅನಿಸುತ್ತದೆ. ವಾಪಸ್ ತೆಗೆದುಕೊಳ್ಳುವ ಆನ್‌ಲೈನ್ ಅಂಗಡಿಯಲ್ಲಿ ತರಿಸಿ ನಿಮ್ಮ ಕೋಣೆಯಲ್ಲೇ ಕೇಳುವುದು ಒಳ್ಳೆಯದು, ಯಾಕೆಂದರೆ ಅಂಗಡಿಯ ಕೋಣೆ ನಿಮ್ಮ ಮನೆಗೆ ಬರುವುದಿಲ್ಲ.

ಅಂಗಡಿಯವರು ಹಚ್ಚುವ ಡೆಮೊ ಹಾಡು ಬೇಡ ಅನ್ನಿ. "ಅಣ್ಣ, ನನ್ನ ಫೋನಿಂದು ಹಚ್ಚಿರಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ನಿಮಗೆ ಬಾಯಿಪಾಠ ಆಗಿರುವ ಹಾಡು, ಒಂದು ಬರೀ ಮಾತಿನ ರೆಕಾರ್ಡಿಂಗ್, ಒಂದು ಹಾರ್ಮೋನಿಯಂ ತಬಲಾ ಇರುವುದು ಸಾಕು. ಮೊದಲು ಸಣ್ಣಗೆ ಕೇಳಿ. ಸಣ್ಣ ದನಿಯಲ್ಲಿ ಮಾತು ತಿಳಿಯದ ಸ್ಪೀಕರ್ ದೊಡ್ಡ ದನಿಯಲ್ಲೂ ಉದ್ಧಾರ ಆಗುವುದಿಲ್ಲ. ಆಮೇಲೆ ಎರಡರ ನಡುವೆ ಸರಿಯಾಗಿ ನಿಲ್ಲಿ. ಹಾಡುವವರ ಕಂಠ ನಟ್ಟನಡುವೆ, ಸ್ಪೀಕರೇ ಇಲ್ಲದ ಜಾಗದಿಂದ ಬರಬೇಕು. ಎಲ್ಲೂ ನಿಲ್ಲದೆ ತೇಲಾಡುತ್ತಿದ್ದರೆ, ಬೇಸ್ ಕೂಡ ಸೊರಗಿದ್ದರೆ, ಒಂದು ಸ್ಪೀಕರಿನ ಪ್ಲಸ್ ಮೈನಸ್ ವೈರ್ ಅದಲುಬದಲಾಗಿದೆ ಅಂತ ಅರ್ಥ. ಮನೆಯಲ್ಲಿ ಜೋಡಿಸಿದ ದಿನವೂ ಇದನ್ನು ನೋಡಿಕೊಳ್ಳಿ.

ಕೋನ್ ಸುತ್ತಲಿನ ಮೆತ್ತನೆ ಉಂಗುರ ರಬ್ಬರಾ ಫೋಮಾ ಅಂತಲೂ ಕೇಳಿ. ಫೋಮ್ ಹತ್ತು ಹದಿನೈದು ವರ್ಷಕ್ಕೆ ಪುಡಿಪುಡಿ ಆಗುತ್ತದೆ. ರಬ್ಬರ್ ಬಾಳುತ್ತದೆ.

ತಂದ ಮೇಲೆ ಎಲ್ಲಿಡಬೇಕು

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಸ್ಪೀಕರ್ ಬದಲಿಸಿದಷ್ಟೇ ವ್ಯತ್ಯಾಸ ಬರುತ್ತದೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರರ ನಡುವಿನ ದೂರವೂ ಸಮ ಇರಲಿ. ಸ್ಪೀಕರ್ ನಡುವೆ ಮೂರು ಅಡಿ ಇದ್ದರೆ ನೀವೂ ಮೂರು ಅಡಿಯಲ್ಲಿ. ಎರಡನ್ನೂ ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು, ಯಾಕೆಂದರೆ ಎತ್ತರದ ಸ್ವರಗಳು ನೇರ ಗೆರೆಯಲ್ಲಿ ಹೋಗುತ್ತವೆ, ನಿಮ್ಮ ಹೊಟ್ಟೆಗೆ ಹಾಡಿದರೆ ಕಿವಿಗೆ ಕೇಳುವುದಿಲ್ಲ. ಕೆಳಗೆ ಹಳೆಯ ದಪ್ಪ ಪುಸ್ತಕ ಇಟ್ಟರೂ ಆಯಿತು, ಇಡೀ ಸ್ಪೀಕರನ್ನು ಹಿಂದಕ್ಕೆ ವಾಲಿಸಿದರೂ ಆಯಿತು. ಸ್ಪೀಕರಿಗೂ ಟೇಬಲಿಗೂ ನಡುವೆ ಒಂದು ದಪ್ಪ ಫೋಮ್ ತುಂಡು ಹಾಕಿದರೆ ಟೇಬಲ್ ಹಲಗೆ ಜೊತೆಗೆ ಗುನುಗುವುದು ನಿಲ್ಲುತ್ತದೆ. ಗೋಡೆಯಿಂದ ಎಷ್ಟು ಮುಂದಕ್ಕೆ ಬರುತ್ತದೋ ಅಷ್ಟು ಒಳ್ಳೆಯದು, ಒಂದು ಗೇಣಾದರೂ ಬಿಡಿ.

ಚಪ್ಪಾಳೆಯ ಬಾಲ ಕತ್ತರಿಸಲು ದುಬಾರಿ ಫೋಮ್ ಹಾಳೆ ಅಂಟಿಸಬೇಕಾಗಿಲ್ಲ. ಕಿಟಕಿಗೆ ದಪ್ಪ ಪರದೆ, ಬೆನ್ನ ಹಿಂದೆ ಹಾಸಿಗೆ ಇರುವ ಮಂಚ ಅಥವಾ ಪುಸ್ತಕದ ಕಪಾಟು, ಕೆಳಗೆ ಒಂದು ಜಮಖಾನ. ಹಾಸಿಗೆ ಇರುವ ಕೋಣೆಯಲ್ಲಿ ಕಂಪ್ಯೂಟರ್ ಇದ್ದರೆ ಅರ್ಧ ಕೆಲಸ ಆಗಲೇ ಆಗಿದೆ.

ಇನ್ನೂ ಗುಂಯ್ ಅನ್ನುತ್ತಿದ್ದರೆ ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ 56ರ ಆಸುಪಾಸಿನ ಜಾಗ ಹುಡುಕಿ ನಾಲ್ಕೈದು ಡೆಸಿಬೆಲ್ ಇಳಿಸಿ. ಇಳಿಸುವುದು ಮಾತ್ರ, ಏರಿಸಬೇಡಿ. ಕಂಪ್ಯೂಟರಿನ ವಾಲ್ಯೂಮ್ 80, 90ರಲ್ಲಿ ನಿಲ್ಲಿಸಿ ಸ್ಪೀಕರಿನ ನಾಬಿನಿಂದಲೇ ಹೆಚ್ಚುಕಡಿಮೆ ಮಾಡಿಕೊಳ್ಳಿ, ಹಿನ್ನೆಲೆಯ ಸುಯ್ ಸದ್ದು ಇಳಿಯುತ್ತದೆ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಮುಂದಿನ ತೂತು ಬಿಟ್ಟು ಹಿಂದಿನ ಹಸಿರು ತೂತಿಗೇ ಪಿನ್ ಹಾಕಿ. ಮುಂದಿನದರ ವೈರ್ ಕ್ಯಾಬಿನೆಟ್ ಒಳಗೆ ಸುತ್ತಿ ಬರುವಾಗ ಎಲ್ಲ ಗಲಾಟೆಯನ್ನೂ ಹೊತ್ತು ತರುತ್ತದೆ.

ಕರೆಂಟ್, ಅರ್ಥಿಂಗ್, ಧೂಳು

"ಹೊಸ ಸ್ಪೀಕರ್, ಏನೂ ಹಚ್ಚದಿದ್ದರೂ ಗುಂಯ್ ಅಂತದೆ" ಅನ್ನುವ ದೂರು ಬಹಳ ಬರುತ್ತದೆ. ಸ್ಪೀಕರ್ ವಾಪಸ್ ಮಾಡುವ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಗುಂಯ್ ನಿಂತರೆ ಸ್ಪೀಕರಿನ ತಪ್ಪಲ್ಲ, ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಲ್ಯಾಪ್‌ಟಾಪ್ ಒಂದು ಕಡೆಯಿಂದ, ಸ್ಪೀಕರ್ ಇನ್ನೊಂದು ಕಡೆಯಿಂದ ಭೂಮಿಗೆ ಸೇರಿದಾಗ ನಡುವಿನ ಆಡಿಯೊ ವೈರಿನಲ್ಲಿ ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದು ಹರಿಯುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆಡಿಯೊ ವೈರ್ ನಡುವೆ ಹಾಕಬೇಕು. ಕೆಲವರು ಚಾರ್ಜರಿನ ಮೂರನೇ ಪಿನ್ ಮುರಿದು ಹಾಕಿ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ, ಆ ಪಿನ್ ಇರುವುದು ನಿಮ್ಮ ಜೀವಕ್ಕೆ. ಹಳೆಯ ಮನೆಗಳಲ್ಲಿ ಸ್ವಿಚ್ ಬೋರ್ಡಿನಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಅದನ್ನೂ ಒಮ್ಮೆ ನೋಡಿಸಿ.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗುರ್ರ್ ಅಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಸ್ಪೀಕರ್ ಆಗ ಬಿಸಿಯೂ ಆಗುತ್ತದೆ, ಆರಿಸಿಡುವುದು ಒಳ್ಳೆಯದು. ಸೈನ್ ವೇವ್ ಇನ್ವರ್ಟರಿಗೆ ಈ ತೊಂದರೆ ಇಲ್ಲ. ಕರೆಂಟ್ ಹೋಗಿ ಬರುವ ಹೊತ್ತಿನ ಟಪ್ ಸದ್ದು ಕೋನಿಗೆ ಒಳ್ಳೆಯದಲ್ಲ, ಮಳೆಗಾಲದ ಸಂಜೆ ಕೆಲಸ ಇಲ್ಲದಾಗ ಪ್ಲಗ್ ಕಿತ್ತಿಡಿ.

ಏಪ್ರಿಲ್ ಮೇ ಬಿಸಿಲಿನಲ್ಲಿ ಪಶ್ಚಿಮದ ಕಿಟಕಿ ಪಕ್ಕ ಇಟ್ಟ ಸ್ಪೀಕರ್ ಮುಟ್ಟಿದರೆ ಸುಡುತ್ತದೆ. ಒಳಗಿನ ಕೆಪಾಸಿಟರಿಗೆ ಬಿಸಿಯೇ ಶತ್ರು. ಮಂಡಕ್ಕಿ ಭಟ್ಟಿ ಕಡೆ ಮನೆ ಇದ್ದವರಿಗೆ ಹೊಗೆ ಮತ್ತು ಬೂದಿ, ರಸ್ತೆ ಪಕ್ಕದವರಿಗೆ ಧೂಳು. ಕೋನಿಗೆ ಒದ್ದೆ ಬಟ್ಟೆ ಹಚ್ಚಬೇಡಿ, ಮೆತ್ತನೆ ಬ್ರಷ್ ಸಾಕು. ಟ್ವೀಟರಿನ ರೇಷ್ಮೆ ಗುಮ್ಮಟವನ್ನು ಮುಟ್ಟಲೇಬೇಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮುಂದಿನ ಜಾಲರಿ ತೆಗೆಯಬೇಡಿ. ಅದನ್ನು ಬೆರಳಿಂದ ಒತ್ತಿ ನೋಡುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ, ದೊಡ್ಡವರಿಗೂ. ಬೇಸ್ ತೂತಿನ ಒಳಗೆ ಜಿರಳೆ, ಹಲ್ಲಿ ಮನೆ ಮಾಡುತ್ತವೆ. ಸೊಳ್ಳೆ ಪರದೆಯ ತುಂಡೊಂದನ್ನು ತೂತಿಗೆ ಬಿಗಿಯಾಗಿ ಕಟ್ಟಿದರೆ ಗಾಳಿ ಓಡಾಡುತ್ತದೆ, ಹುಳ ಓಡಾಡುವುದಿಲ್ಲ. ದಪ್ಪ ಬಟ್ಟೆ ತುರುಕಿದರೆ ಬೇಸ್ ಕಡಿಮೆಯಾಗುತ್ತದೆ, ಬೇಸ್ ಜಾಸ್ತಿ ಆಯಿತು ಅನ್ನುವವರು ಬೇಕೆಂದೇ ಇದನ್ನು ಮಾಡಬಹುದು.

ವಾಲ್ಯೂಮ್ ನಾಬ್ ತಿರುಗಿಸಿದರೆ ಕರಕರ ಅಂದರೆ ಒಳಗೆ ಧೂಳು ಸೇರಿದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಪ್ಲಗ್ ಕಿತ್ತು, ಸ್ವಲ್ಪ ಹೊಡೆದು, ನಾಬನ್ನು ಹಿಂದೆ ಮುಂದೆ ಹತ್ತಾರು ಸಲ ತಿರುಗಿಸಿ, ಒಣಗಿದ ಮೇಲೆ ಹಚ್ಚಿ.

ಪಕ್ಕದ ಮನೆ ವಿಷಯವೂ ಇದೆ. ಎತ್ತರದ ಸ್ವರ ಗೋಡೆಗೆ ಬಡಿದು ನಿಲ್ಲುತ್ತದೆ, ಬೇಸ್ ನಿಲ್ಲುವುದಿಲ್ಲ. ನಿಮಗೆ ಹಾಡು ಕೇಳುತ್ತಿದ್ದರೆ ಗೋಡೆ ಹಂಚಿಕೊಂಡ ಮನೆಯವರಿಗೆ ಗುಂ ಗುಂ ಮಾತ್ರ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಎರಡು ಡಬ್ಬಿಯವರಿಗೆ ಜಗಳ ಕಡಿಮೆ.

ಕೊನೆಯದಾಗಿ ಪೆಟ್ಟಿಗೆ. ಸ್ಪೀಕರ್ ಬಂದ ಥರ್ಮಾಕೋಲ್, ರಟ್ಟಿನ ಡಬ್ಬಿ, ಬಿಲ್ಲು ಮೂರನ್ನೂ ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಿ. ಕೆಟ್ಟರೆ ಬಹಳಷ್ಟು ಕಂಪನಿಗಳ ಸ್ಪೀಕರನ್ನು ಕೊರಿಯರಿನಲ್ಲಿ ಬೆಂಗಳೂರಿಗೆ ಕಳಿಸಬೇಕಾಗುತ್ತದೆ, ನಾಲ್ಕೈದು ಕಿಲೋ ತೂಕದ ಎಂಡಿಎಫ್ ಪೆಟ್ಟಿಗೆ ಹಳೆ ಸೀರೆ ಸುತ್ತಿ ಕಳಿಸಿದರೆ ಮೂಲೆ ಮುರಿದುಕೊಂಡೇ ತಲುಪುತ್ತದೆ, ಆಗ ಹೊರಗಿನ ಪೆಟ್ಟಿಗೆ ವಾರಂಟಿಗೆ ಬರುವುದಿಲ್ಲ ಅನ್ನುತ್ತಾರೆ. ಅಟ್ಟದಲ್ಲಿ ಜಾಗ ಇಲ್ಲ ಅಂದರೆ ಕೆಟ್ಟ 2.1 ಕೆಳಗಿಳಿಸಿ ಗುಜರಿಗೆ ಹಾಕಿ, ಜಾಗ ಆಗುತ್ತದೆ.